ಒಂಬತ್ತು ತಿಂಗಳ ಸಂಬಳ, ಹನ್ನೆರಡು ತಿಂಗಳ ಬಾಡಿಗೆ: ಪಿಎಚ್‌.ಡಿ. ಆಫರ್ ತೂಗುವುದು ಹೇಗೆ?

ಅಮೆರಿಕದ ಎರಡು ಮೂರು ವಿಶ್ವವಿದ್ಯಾಲಯಗಳಿಂದ ಪಿಎಚ್‌.ಡಿ. ಆಫರ್ ಬಂದಾಗ ಬಹಳಷ್ಟು ಮಂದಿ ಮಾಡುವುದು ಒಂದೇ ಕೆಲಸ. ಪತ್ರದಲ್ಲಿ ದಪ್ಪಕ್ಷರದಲ್ಲಿರುವ ಡಾಲರ್ ಅಂಕಿಯನ್ನು ರೂಪಾಯಿಗೆ ಗುಣಿಸಿ ನೋಡುತ್ತಾರೆ, ಯಾವುದು ದೊಡ್ಡದೋ ಅದಕ್ಕೆ ಹೂಂ ಅನ್ನುತ್ತಾರೆ. ಡಾಲರಿನಲ್ಲಿ ಬಂದದ್ದು ಡಾಲರಿನಲ್ಲೇ ಖರ್ಚಾಗುತ್ತದೆ. ರೂಪಾಯಿ ಲೆಕ್ಕ ಬಿಟ್ಟುಬಿಡಿ.

ಮೊದಲ ಕೆಲಸ ಸುಲಭ: ಆಫರನ್ನು ಮೂರು ಪಾಲು ಮಾಡಿ. ಟ್ಯೂಷನ್ ಮನ್ನಾ ಒಂದು, ಆರೋಗ್ಯ ವಿಮೆ ಒಂದು, ಕೈಗೆ ಬರುವ ಸ್ಟೈಪೆಂಡ್ ಒಂದು. ಮೂರನ್ನೂ ಕೂಡಿಸಿ ‘ಒಟ್ಟು ಪ್ಯಾಕೇಜ್ ಇಷ್ಟು’ ಎಂದು ಬರೆದಿದ್ದರೆ ಆ ಮೊತ್ತವನ್ನು ಪೆನ್ನಿನಿಂದ ಹೊಡೆದುಹಾಕಿ. ಟ್ಯೂಷನ್ ಹಣ ನಿಮ್ಮ ಖಾತೆಯ ಮುಖವನ್ನೂ ನೋಡುವುದಿಲ್ಲ. ಟ್ಯೂಷನ್ ಮನ್ನಾ ಆದರೂ ‘ಫೀಸ್’ ಉಳಿದಿರಬಹುದು ಎಂಬುದೂ ನೆನಪಿರಲಿ. ಕ್ಯಾಂಪಸ್ ಶುಲ್ಕ, ತಂತ್ರಜ್ಞಾನ ಶುಲ್ಕ, ಕೆಲವೆಡೆ ವಿದೇಶಿ ವಿದ್ಯಾರ್ಥಿಗಳಿಗೇ ಪ್ರತ್ಯೇಕ ಶುಲ್ಕ ಎಂದು ಪ್ರತಿ ಸೆಮಿಸ್ಟರ್ ಕೆಲವು ನೂರು ಡಾಲರ್ ಸೋರಿಹೋಗುತ್ತದೆ.

ಎರಡನೆಯ ಹಂತದಲ್ಲೇ ಎಲ್ಲರೂ ಎಡವುವುದು. ಇಲ್ಲಿ ಓದಬೇಕಾದದ್ದು ಅಂಕಿಯನ್ನಲ್ಲ, ಅದರ ಅಕ್ಕಪಕ್ಕದ ಪದಗಳನ್ನು.

‘ಗ್ಯಾರಂಟೀಡ್’ ಎಂದರೆ ವಿಭಾಗ ಮಾತು ಕೊಟ್ಟಿದೆ. ‘ಆಂಟಿಸಿಪೇಟೆಡ್’, ‘ವಿ ಎಕ್ಸ್‌ಪೆಕ್ಟ್’ ಎಂದರೆ ಆಸೆ ಇದೆ, ಮಾತು ಕೊಟ್ಟಿಲ್ಲ. ‘ಸಬ್ಜೆಕ್ಟ್ ಟು ಅವೈಲಬಿಲಿಟಿ ಆಫ್ ಫಂಡ್ಸ್’ (ಹಣ ಇದ್ದರೆ ಮಾತ್ರ) ಎಂದಿದ್ದರೆ ಆ ಸಾಲಿಗೆ ಅಡಿಗೆರೆ ಎಳೆದು, ಕಳೆದ ಐದು ವರ್ಷಗಳಲ್ಲಿ ಯಾರಿಗಾದರೂ ಹಣ ನಿಂತುಹೋಗಿದೆಯೇ ಎಂದು ನೇರವಾಗಿ ಕೇಳಿ. ‘ಸ್ಯಾಟಿಸ್‌ಫ್ಯಾಕ್ಟರಿ ಪ್ರೋಗ್ರೆಸ್’ ಎಲ್ಲ ಪತ್ರಗಳಲ್ಲೂ ಇರುತ್ತದೆ, ಹೆದರಬೇಕಿಲ್ಲ. ಆದರೆ ಅದನ್ನು ಅಳೆಯುವುದು ಗ್ರೇಡಿನಿಂದಲೋ, ಕ್ವಾಲಿಫೈಯಿಂಗ್ ಪರೀಕ್ಷೆಯಿಂದಲೋ, ಗೈಡ್ ಮರ್ಜಿಯಿಂದಲೋ ಎಂದು ತಿಳಿದಿರಬೇಕು.

ಆಮೇಲೆ ಹಣದ ಮೂಲ. ಟಿಎ (ಟೀಚಿಂಗ್ ಅಸಿಸ್ಟೆಂಟ್) ಆದರೆ ವಿಭಾಗದ ದುಡ್ಡು, ವಾರಕ್ಕೆ ಸಾಮಾನ್ಯವಾಗಿ 20 ಗಂಟೆಯವರೆಗೆ ಪಾಠ, ಲ್ಯಾಬ್, ಉತ್ತರಪತ್ರಿಕೆ. ಆರ್‌ಎ (ರಿಸರ್ಚ್ ಅಸಿಸ್ಟೆಂಟ್) ಆದರೆ ಪ್ರೊಫೆಸರ್ ಸಂಶೋಧನೆಗೆಂದು ತಂದ ಗ್ರಾಂಟ್. ಇಂಥ ಗ್ರಾಂಟ್‌ಗಳ ಆಯಸ್ಸು ಹೆಚ್ಚಾಗಿ ಮೂರರಿಂದ ಐದು ವರ್ಷ, ನೀವು ಸೇರುವಾಗಲೇ ಅದರಲ್ಲಿ ಎರಡು ಕಳೆದಿರಬಹುದು. ಗ್ರಾಂಟ್ ಮುಗಿದರೆ ಅಥವಾ ಪ್ರೊಫೆಸರ್ ಬೇರೆ ಕಡೆ ಹೊರಟರೆ ವಿಭಾಗ ಟಿಎ ಕೊಟ್ಟು ಕೈಹಿಡಿಯುತ್ತದೆಯೇ? ಈ ಒಂದು ಪ್ರಶ್ನೆಗೆ ಇಮೇಲ್‌ನಲ್ಲಿ ಲಿಖಿತ ಉತ್ತರ ಪಡೆಯಿರಿ. ಇಂಥ ಕೆಲಸದ ಕಟ್ಟಿಲ್ಲದೆ ಬರುವ ಫೆಲೋಶಿಪ್ ಎಲ್ಲಕ್ಕಿಂತ ನಿರಾಳ, ಆದರೆ ಅದು ಮೊದಲ ವರ್ಷಕ್ಕಷ್ಟೇ ಇರುವುದೂ ಉಂಟು. ಆಗ ಎರಡನೆಯ ವರ್ಷದ ಅಂಕಿಯನ್ನೇ ಹೋಲಿಕೆಗೆ ಇಟ್ಟುಕೊಳ್ಳಿ.

ಎಷ್ಟು ವರ್ಷದ ಮಾತು? ಐದು ವರ್ಷದ ಗ್ಯಾರಂಟಿ ಚೆನ್ನಾಗಿಯೇ ಕಾಣುತ್ತದೆ. ಆ ವಿಭಾಗದಲ್ಲಿ ಪದವಿ ಮುಗಿಸಲು ಆರೂವರೆ ವರ್ಷ ಹಿಡಿಯುತ್ತಿದ್ದರೆ ಕೊನೆಯ ಒಂದೂವರೆ ವರ್ಷ, ಅಂದರೆ ಥೀಸಿಸ್ ಬರೆಯುವ ಹೊತ್ತು, ಬರಿಗೈ. ಆರನೆಯ ವರ್ಷದವರಿಗೆ ಈಗ ಹಣ ಎಲ್ಲಿಂದ ಬರುತ್ತಿದೆ ಎಂದು ವಿಭಾಗದವರನ್ನಲ್ಲ, ಆರನೆಯ ವರ್ಷದವರನ್ನೇ ಕೇಳಿ.

ಇನ್ನು ಬೇಸಿಗೆ. ‘ಅಕಾಡೆಮಿಕ್ ಇಯರ್ ಸ್ಟೈಪೆಂಡ್’ ಎಂದರೆ ಒಂಬತ್ತು ತಿಂಗಳು. ಮನೆ ಮಾಲೀಕ ಹನ್ನೆರಡು ತಿಂಗಳೂ ಬಾಡಿಗೆ ಕೇಳುತ್ತಾನೆ. ಒಂದು ಕಾಲ್ಪನಿಕ ಲೆಕ್ಕ ಹಾಕೋಣ.

ಮೊದಲ ಆಫರ್: 12 ತಿಂಗಳಿಗೆ 38,000 ಡಾಲರ್, ವಿಮೆ ಉಚಿತ, ವರ್ಷಕ್ಕೆ ಫೀಸ್ 1,200. ದುಬಾರಿ ನಗರ, ಹಂಚಿಕೊಂಡ ಮನೆಯ ಬಾಡಿಗೆ ತಿಂಗಳಿಗೆ 1,600, ವರ್ಷಕ್ಕೆ 19,200. ಉಳಿದದ್ದು 17,600. ಎರಡನೆಯದು: 9 ತಿಂಗಳಿಗೆ 28,000, ಫೀಸ್ 1,800, ವಿಮೆಯಲ್ಲಿ ನಿಮ್ಮ ಪಾಲು 1,500, ಬಾಡಿಗೆ ತಿಂಗಳಿಗೆ 750, ವರ್ಷಕ್ಕೆ 9,000. ಉಳಿದದ್ದು 15,700. ಹತ್ತು ಸಾವಿರದ ಅಂತರ 1,900ಕ್ಕೆ ಇಳಿಯಿತು. ಎರಡನೆಯವರು ಬೇಸಿಗೆಗೆ 4,500 ಖಚಿತವಾಗಿ ಕೊಟ್ಟರೋ, 20,200 ಆಗಿ ಆ ಆಫರೇ 2,600 ಮುಂದೆ ಹೋಗುತ್ತದೆ. ತಕ್ಕಡಿ ಯಾವ ಕಡೆ ವಾಲುತ್ತದೆ ಎಂಬುದು ಇಲ್ಲಿ ಪೂರ್ತಿ ಬೇಸಿಗೆಯ ಮೇಲೆ ನಿಂತಿದೆ. ‘ಸಾಮಾನ್ಯವಾಗಿ ಏನಾದರೂ ಸಿಗುತ್ತೆ’ ಎಂಬ ಉತ್ತರ ಬಂದರೆ ಸೊನ್ನೆ ಎಂದೇ ಬರೆದುಕೊಳ್ಳಿ.

(ನಗರಗಳ ಖರ್ಚು ಹೋಲಿಸುವ ವೆಬ್‌ಸೈಟುಗಳು ಇದಕ್ಕೆ ಪ್ರಯೋಜನವಿಲ್ಲ, ಅವು ಊರಿನ ಸರಾಸರಿ ಹೇಳುತ್ತವೆ. ವಿದ್ಯಾರ್ಥಿಗಳೇ ತುಂಬಿಸಿದ ಸ್ಟೈಪೆಂಡ್ ಪಟ್ಟಿಗಳಲ್ಲಿ ನಾಲ್ಕು ವರ್ಷ ಹಳೆಯ ಅಂಕಿಗಳೂ ಕಲಸಿರುತ್ತವೆ. ಈಗ ಅಲ್ಲಿರುವ ಇಬ್ಬರ ಬಾಡಿಗೆ ಕೇಳಿದರೆ ಸಾಕು.)

ಪತ್ರದ ಅಂಕಿ ತೆರಿಗೆಗೆ ಮುಂಚಿನದು. ಟ್ಯೂಷನ್ ಮನ್ನಾಕ್ಕೆ ಸಾಮಾನ್ಯವಾಗಿ ತೆರಿಗೆ ಇಲ್ಲ, ಜೀವನ ಖರ್ಚಿನ ಸ್ಟೈಪೆಂಡ್‌ಗೆ ಇದೆ. ಎಫ್-1 (ವಿದ್ಯಾರ್ಥಿ) ವೀಸಾದವರ ಫೆಲೋಶಿಪ್ ಹಣದಲ್ಲಿ ಸಾಮಾನ್ಯವಾಗಿ 14 ಶೇಕಡಾ ಮೊದಲೇ ಹಿಡಿದುಕೊಳ್ಳುತ್ತಾರೆ. ಹೆಚ್ಚು ಹಿಡಿದಿದ್ದರೆ ಮರುವರ್ಷ ರಿಟರ್ನ್ ಸಲ್ಲಿಸಿದಾಗ ವಾಪಸ್ ಬರುತ್ತದೆ. ಭಾರತ–ಅಮೆರಿಕ ತೆರಿಗೆ ಒಪ್ಪಂದದ 21ನೇ ವಿಧಿಯಂತೆ ಭಾರತದ ವಿದ್ಯಾರ್ಥಿಗಳು ಸ್ಟ್ಯಾಂಡರ್ಡ್ ಡಿಡಕ್ಷನ್ (ತೆರಿಗೆ ಹಾಕುವ ಮುನ್ನ ಆದಾಯದಿಂದ ಕಳೆಯುವ ನಿಗದಿತ ಮೊತ್ತ) ಪಡೆಯಬಹುದು. ಬೇರೆ ದೇಶದವರಿಗೆ ಬಹುಪಾಲು ಇದಿಲ್ಲ, ಆದ್ದರಿಂದ ಸಹಪಾಠಿಯ ರಿಟರ್ನ್ ನೋಡಿ ನಕಲು ಮಾಡಬೇಡಿ. ಟೆಕ್ಸಾಸ್, ಫ್ಲಾರಿಡಾದಲ್ಲಿ ಸಂಬಳಕ್ಕೆ ರಾಜ್ಯದ ಆದಾಯ ತೆರಿಗೆ ಇಲ್ಲ. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್‌ನಲ್ಲಿ ಇದೆ.

ಕಡಿಮೆ ಬಿದ್ದರೆ ಪಾರ್ಟ್‌ಟೈಮ್ ಮಾಡಿ ಸರಿದೂಗಿಸುತ್ತೇನೆ ಎನ್ನಬೇಡಿ. ತರಗತಿ ನಡೆಯುವ ದಿನಗಳಲ್ಲಿ ಎಫ್-1ಗೆ ಕ್ಯಾಂಪಸ್ ಕೆಲಸದ ಮಿತಿ ವಾರಕ್ಕೆ 20 ಗಂಟೆ. 20 ಗಂಟೆಯ ಟಿಎ ಸಿಕ್ಕಿತೆಂದರೆ ಆ ಮಿತಿ ಅಲ್ಲಿಗೇ ಭರ್ತಿ.

ಹೆಚ್ಚು ಕೇಳಬಹುದೇ? ಕೇಳಬಹುದು, ಆದರೆ ಸರಿಯಾದದ್ದನ್ನು. ಮೂಲ ಸ್ಟೈಪೆಂಡ್ ಇಡೀ ಬ್ಯಾಚಿಗೆ ಒಂದೇ ಇರುವುದರಿಂದ ಅದು ಅಲ್ಲಾಡುವುದು ಅಪರೂಪ. ಮೊದಲ ಬೇಸಿಗೆಯ ಹಣ, ಊರು ಬದಲಿಸುವ ಖರ್ಚು, ಒಂದು ಸೆಮಿಸ್ಟರ್ ಟಿಎ ವಿನಾಯಿತಿ ಇವು ಸಿಗುವ ಸಾಧ್ಯತೆ ಹೆಚ್ಚು. ಐದು ಸಾಲಿನ ಇಮೇಲ್ ಸಾಕು: ನಿಮ್ಮ ವಿಭಾಗಕ್ಕೇ ಬರುವ ಮನಸ್ಸಿದೆ, ಇನ್ನೊಂದು ಆಫರಿನಲ್ಲಿ ಇಷ್ಟಿದೆ, ಬೇಸಿಗೆಯ ವಿಷಯದಲ್ಲಿ ಏನಾದರೂ ಸಾಧ್ಯವೇ? ಸುಳ್ಳು ಅಂಕಿ ಬರೆಯಬೇಡಿ; ಪತ್ರದ ಪ್ರತಿ ಕಳಿಸಿ ಎನ್ನುತ್ತಾರೆ.

ಅವಸರಪಡಿಸಿದರೆ ಏಪ್ರಿಲ್ 15 ನೆನಪಿಸಿ. ಸ್ನಾತಕೋತ್ತರ ಶಿಕ್ಷಣ ಸಂಸ್ಥೆಗಳ ಒಕ್ಕೂಟವಾದ ಕೌನ್ಸಿಲ್ ಆಫ್ ಗ್ರಾಜುಯೇಟ್ ಸ್ಕೂಲ್ಸ್‌ನ ನಿರ್ಣಯಕ್ಕೆ ಸಹಿ ಹಾಕಿದ ವಿಶ್ವವಿದ್ಯಾಲಯಗಳು ಹಣಕಾಸಿನ ಆಫರಿಗೆ ಆ ದಿನಕ್ಕೆ ಮುಂಚೆ ಉತ್ತರಿಸಲೇಬೇಕೆಂದು ಒತ್ತಾಯಿಸುವಂತಿಲ್ಲ. ಸಹಿ ಹಾಕಿದವರ ಪಟ್ಟಿ ಕೌನ್ಸಿಲ್‌ನ ಜಾಲತಾಣದಲ್ಲಿದೆ. ಹಣವಿಲ್ಲದ ಬರೀ ಸೀಟಿಗೆ ಈ ನಿಯಮ ಅನ್ವಯಿಸದು. ತೀರ್ಮಾನ ಮಾಡಿದ ದಿನವೇ ಉಳಿದವರಿಗೆ ಬೇಡವೆಂದು ತಿಳಿಸಿ. ವೇಟಿಂಗ್ ಲಿಸ್ಟಿನಲ್ಲಿರುವವರು ಆ ಹಣಕ್ಕೇ ಕಾಯುತ್ತಿರುತ್ತಾರೆ.

ಸಹಿ ಹಾಕುವ ಮುನ್ನ ಮೊದಲ ಸಂಬಳದ ತಾರೀಖು ಕೇಳಿಕೊಳ್ಳಿ. ಆಗಸ್ಟ್‌ನಲ್ಲಿ ಇಳಿದವರಿಗೆ ಅದು ಸೆಪ್ಟೆಂಬರ್ ಕೊನೆಗೆ, ಕೆಲವೆಡೆ ಅಕ್ಟೋಬರ್‌ಗೆ ಬರುತ್ತದೆ. ಅಷ್ಟರೊಳಗೆ ಮನೆಯ ಡಿಪಾಸಿಟ್, ಎರಡು ತಿಂಗಳ ಬಾಡಿಗೆ, ಫೀಸಿನ ಮೊದಲ ಕಂತು ನಿಮ್ಮ ಕೈಯಿಂದಲೇ ಹೋಗಬೇಕು. ಮೇಲಿನ ಎರಡನೆಯ ಊರಿನ ಬಾಡಿಗೆಯಲ್ಲೂ ಇದಕ್ಕೆ ಸುಮಾರು 3,000 ಡಾಲರ್ ಬೇಕಾಗುತ್ತದೆ.