ಚಂಡೆಯ ಪೆಟ್ಟು ಮೊಬೈಲಿನಲ್ಲೂ ಕೇಳಬೇಕಾದರೆ

ಶಿರಸಿ ಕಡೆ ಯಕ್ಷಗಾನ ಪದ್ಯ ರೆಕಾರ್ಡ್ ಮಾಡುವವರಿಗೆ ಮೊದಲ ತೊಡಕು ಹವಾಮಾನದ್ದು. ಮೇಳಗಳ ತಿರುಗಾಟ ನವೆಂಬರಿನಿಂದ ಮೇ ತನಕ. ಭಾಗವತರು ಕೈಗೆ ಸಿಗುವುದು ಮಳೆಗಾಲದಲ್ಲಿ. ಆಗ ಹಂಚಿನ ಮೇಲೆ ಮಳೆ, ಹೊರಗೆ ಕಪ್ಪೆ, ತೇವಕ್ಕೆ ಶ್ರುತಿ ಇಳಿಯುವ ಮದ್ದಲೆ. ಮಳೆ ಸದ್ದು ತೆಗೆಯುವ ಸಾಫ್ಟ್‌ವೇರ್ (ಪ್ಲಗಿನ್) ಹಾಕಿದರೆ ಅದು ತಾಳದ ನಾದವನ್ನೂ ತಿಂದು ಹಾಕುತ್ತದೆ. ಹಾಗಾಗಿ ನಾನು ಹಿಡಿಯುವುದು ನವರಾತ್ರಿಯ ಆಸುಪಾಸಿನ ವಾರಗಳನ್ನು. ಎರಡು ಪದ್ಯಕ್ಕೊಮ್ಮೆ ಮದ್ದಲೆಯನ್ನು ಶ್ರುತಿಗೆ ಹೊಂದಿಸಿ ನೋಡಲೇಬೇಕು. ಅದರ ಸದ್ದು ಭಾಗವತರ ಮೈಕಿಗೂ ಸೇರಿರುತ್ತದೆ, ಶ್ರುತಿ ತಪ್ಪಿದರೆ ಆಮೇಲೆ ಸರಿಪಡಿಸಲು ದಾರಿಯಿಲ್ಲ.

ಭಾಗವತರ ಕೈಯಲ್ಲೇ ತಾಳ ಇರುತ್ತದಲ್ಲ, ಅದೇ ದೊಡ್ಡ ಕಿರಿಕಿರಿ. ಎದುರಿನ ಸದ್ದನ್ನು ಹೆಚ್ಚು, ಬೆನ್ನಿನದನ್ನು ಕಡಿಮೆ ಹಿಡಿಯುವ ಕಾರ್ಡಿಯಾಯ್ಡ್ ಮೈಕನ್ನು ಗಲ್ಲದ ಮಟ್ಟಕ್ಕೆ ಇಟ್ಟು, ಬಾಯಿಯತ್ತ ಸ್ವಲ್ಪ ಮೇಲ್ಮುಖ ಮಾಡುತ್ತೇನೆ, ಅಂತರ ಒಂದು ಗೇಣು. ಮೈಕಿನ ಬೆನ್ನು ಮಡಿಲಿನ ಕಡೆಗಿರುವುದರಿಂದ ತಾಳ ತಗ್ಗುತ್ತದೆ. ಚಂಡೆಗೆ ಜೋರು ಸದ್ದು ತಾಳುವ ಡೈನಮಿಕ್ ಮೈಕ್, ಒಂದು ಮೀಟರ್ ದೂರದಲ್ಲಿ. ಅತಿ ಜೋರಿನ ಪೆಟ್ಟಿಗೂ ರೆಕಾರ್ಡರಿನ ಮೀಟರ್ ಮೈನಸ್ 10 ಡಿಬಿ (ಸೊನ್ನೆಯೇ ಮಿತಿ, ಅದರಾಚೆ ಸದ್ದು ಒಡೆಯುತ್ತದೆ) ದಾಟದಂತೆ ಗೇನ್ (ಒಳಬರುವ ಸದ್ದಿನ ಏರಿಕೆ) ಇಡುತ್ತೇನೆ.

ಕೇಳುಗನ ಕಿವಿಗೆ ಬೀಳುವ ಸದ್ದನ್ನು ತೀರ್ಮಾನಿಸುವುದು ಮಾತ್ರ ಮಿಕ್ಸಿಂಗ್, ಅಂದರೆ ಬೇರೆ ಬೇರೆ ಟ್ರ್ಯಾಕುಗಳನ್ನು ಹದವಾಗಿ ಬೆರೆಸುವ ಕೆಲಸ. ಸ್ಪಾಟಿಫೈ ತನ್ನಲ್ಲಿನ ಹಾಡುಗಳನ್ನು ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್‌ಗೆ (ಹಾಡಿನ ಒಟ್ಟಾರೆ ಜೋರಿನ ಅಳತೆ) ತಂದು ಕೇಳಿಸುತ್ತದೆ; ಆಪಲ್ ಮ್ಯೂಸಿಕ್‌ನಲ್ಲಿ ಅದು ಮೈನಸ್ 16. ಯೂಟ್ಯೂಬ್ ಜೋರಿದ್ದುದನ್ನು ತಗ್ಗಿಸುತ್ತದೆಯೇ ಹೊರತು ಮೆಲ್ಲಗಿದ್ದುದನ್ನು ಏರಿಸುವುದಿಲ್ಲ. ಸ್ಪಾಟಿಫೈ ಏರಿಸುತ್ತದೆ, ಆದರೆ ಪೀಕ್, ಅಂದರೆ ಸದ್ದಿನ ಅತಿ ಎತ್ತರದ ತುದಿ, ಮೈನಸ್ 1 ಮುಟ್ಟುವ ತನಕ ಮಾತ್ರ. ನಮ್ಮ ಪದ್ಯ ಕೆಡುವುದು ಇಲ್ಲೇ. ಚಂಡೆಯ ನಾಲ್ಕು ಪೆಟ್ಟು ಮೈನಸ್ 1ಕ್ಕೆ ಹೋಗಿ, ಉಳಿದ ಪದ್ಯದ ಅಳತೆ ಮೈನಸ್ 20ರಲ್ಲಿದ್ದರೆ ಏರಿಸಲು ಜಾಗವೇ ಇರುವುದಿಲ್ಲ. ಅದಕ್ಕೂ ಮೊದಲು ಕೇಳಿದ ಸಿನಿಮಾ ಹಾಡಿನ ಮುಂದೆ ಭಾಗವತರು ಪಕ್ಕದ ಕೇರಿಯಲ್ಲಿ ಹಾಡಿದಂತೆ ಕೇಳುತ್ತಾರೆ.

ಇದಕ್ಕೆ ಹೆಚ್ಚಿನವರು ಮಾಡುವ ಮದ್ದು ಮಾಸ್ಟರಿನಲ್ಲಿ, ಅಂದರೆ ಬೆರೆಸಿ ಮುಗಿದ ಹಾಡಿಗೆ, ಲಿಮಿಟರ್ (ಸದ್ದಿನ ತುದಿ ಮಿತಿ ದಾಟದಂತೆ ತಡೆಯುವ ಸಾಧನ) ಒತ್ತಿ ಒಟ್ಟು ಜೋರನ್ನು ಮೈನಸ್ 8ಕ್ಕೆ ತರುವುದು. ಲೆಕ್ಕ ಹಾಕಿ: ಸ್ಪಾಟಿಫೈ ಅದನ್ನು 6 ಡಿಬಿ ಇಳಿಸುತ್ತದೆ, ಮೈನಸ್ 1ರ ಪೆಟ್ಟು ಮೈನಸ್ 7ಕ್ಕೆ ಬೀಳುತ್ತದೆ. ಜೋರೂ ಸಿಗಲಿಲ್ಲ, ಚಂಡೆಯೂ ತಗಡು ಬಡಿದಂತಾಯಿತು.

ನಾನು ಚಂಡೆಯ ಟ್ರ್ಯಾಕಿನಲ್ಲೇ ಕ್ಲಿಪ್ಪರ್ (ತುದಿಯನ್ನು ನೇರ ಕತ್ತರಿಸುವ ಸಾಧನ) ಹಾಕಿ ಮೇಲಿನ 3 ಡಿಬಿ ಮಾತ್ರ ಸವರುತ್ತೇನೆ. ಪೆಟ್ಟಿನ ಮೊನೆ ಅಷ್ಟು ಚಿಕ್ಕದು, ಹೋದದ್ದು ಕಿವಿಗೆ ತಿಳಿಯುವುದಿಲ್ಲ. ದನಿಗೆ 80 ಹರ್ಟ್ಸ್ ಕೆಳಗಿನದನ್ನು ಕತ್ತರಿಸಿ, ಎರಡು ಕಂಪ್ರೆಸರಿನಲ್ಲಿ (ಜೋರಿದ್ದುದನ್ನು ತಗ್ಗಿಸಿ ಏರಿಳಿತ ಕುಗ್ಗಿಸುವ ಸಾಧನ) ತಲಾ 2–3 ಡಿಬಿ. ಒಂದರಲ್ಲೇ 6 ಹಿಂಡಿದರೆ ಭಾಗವತರು ಉಸಿರು ಎಳೆಯುವುದೂ ಪದ್ಯದಷ್ಟೇ ಜೋರಾಗುತ್ತದೆ. ಮದ್ದಲೆಯ ಗುಮುಕು, ಆ ತಗ್ಗು ನಾದ, ಮೊಬೈಲ್ ಸ್ಪೀಕರಿನಲ್ಲಿ ಮಾಯ. ಬೇಸ್ ಏರಿಸಿ ಪ್ರಯೋಜನವಿಲ್ಲ. ಸ್ವಲ್ಪ ಸ್ಯಾಚುರೇಶನ್ (ಬೇಕೆಂದೇ ಸೇರಿಸುವ ಹಗುರ ಒಡಕು) ಕೊಟ್ಟರೆ ಮೇಲಿನ ಹಾರ್ಮೋನಿಕ್ಸ್ (ಮೂಲ ನಾದದ ಮೇಲಿನ ಉಪನಾದಗಳು) ಹುಟ್ಟಿ, ಗುಮುಕು ಇದೆ ಎಂದು ಕಿವಿ ನಂಬುತ್ತದೆ.

ಇಷ್ಟಾದ ಮೇಲೆ ಮಾಸ್ಟರಿಂಗಿಗೆ ಕೆಲಸ ಕಡಿಮೆ. ಲಿಮಿಟರ್ 2 ಡಿಬಿಗಿಂತ ಹೆಚ್ಚು ಒತ್ತಬೇಕಾದರೆ ತಿರುಗಿ ಮಿಕ್ಸಿಗೇ ಹೋಗುತ್ತೇನೆ. ಟ್ರೂ ಪೀಕ್ (ಪ್ಲೇ ಆಗುವಾಗ ಸದ್ದು ನಿಜಕ್ಕೂ ಮುಟ್ಟುವ ತುದಿ) ಮೈನಸ್ 1.5. ಮೈನಸ್ 0.1 ಇಟ್ಟರೆ ಆಗ್ ವೋರ್ಬಿಸ್, ಎಎಸಿಯಂಥ ಸ್ಟ್ರೀಮಿಂಗಿನ ಕುಗ್ಗಿಸಿದ ಫೈಲಿಗೆ ಬದಲಾಗುವಾಗ ಪೀಕ್ ಮೇಲೇರಿ ತಾಳ ಚರಚರ ಎನ್ನುತ್ತದೆ. ಕಳುಹಿಸುವ ಮೊದಲು ಹೀಗೇ ಕುಗ್ಗಿಸಿ 128 ಕೆಬಿಪಿಎಸ್‌ನಲ್ಲಿ ಒಂದು ಪ್ರತಿ ಮಾಡಿ ಬರೀ ತಾಳವನ್ನೇ ಕೇಳುತ್ತೇನೆ. ಇನ್ನೊಂದು ಪರೀಕ್ಷೆ ಶಿರಸಿ–ಕುಮಟಾ ದಾರಿಯ ದೇವಿಮನೆ ಘಟ್ಟ ಇಳಿಯುವ ಬಸ್ಸಿನಲ್ಲಿ, ಅಗ್ಗದ ಇಯರ್‌ಫೋನ್ ಹಾಕಿ. ಎಂಜಿನ್ ಸದ್ದಿನ ನಡುವೆ ಕರುಣ ರಸದ ಪದ್ಯದ ಸಾಹಿತ್ಯ ತಿಳಿಯದಿದ್ದರೆ ಆ ಸಾಲುಗಳನ್ನು ಕೈಯಾರೆ 1–2 ಡಿಬಿ ಎತ್ತುತ್ತೇನೆ.

ಸ್ಪಾಟಿಫೈಯಲ್ಲಿ 30 ಸೆಕೆಂಡ್ ಕೇಳಿದರಷ್ಟೇ ಒಂದು ಸ್ಟ್ರೀಮ್ ಲೆಕ್ಕ. ಆರಂಭದ ಚಂಡೆ ಒಂದು ನಿಮಿಷ ಎಳೆದರೆ ಹೊಸ ಕೇಳುಗ ದನಿ ಕೇಳುವ ಮೊದಲೇ ಮುಂದಕ್ಕೆ ಹೋಗುತ್ತಾನೆ. 12–15 ಸೆಕೆಂಡಿನೊಳಗೆ ಪದ್ಯ ಶುರುವಾಗುವಂತೆ ಕತ್ತರಿಸಿ, ಪೂರ್ತಿ ಪೀಠಿಕೆಯನ್ನು ಬೇರೆ ಟ್ರ್ಯಾಕ್ ಮಾಡುವುದು ಒಳ್ಳೆಯದು. ಎಂಪಿ3 ಕಳುಹಿಸಬೇಡಿ, ಕುಗ್ಗಿಸದ 24 ಬಿಟ್ ವೇವ್ ಫೈಲನ್ನೇ ಕೊಡಿ.

ಆಲ್ಬಮ್ ಆದರೆ ಎಲ್ಲ ಪದ್ಯವನ್ನೂ ಮೈನಸ್ 14ಕ್ಕೆ ಎಳೆಯುವ ಹಟ ಬೇಡ. ಆಲ್ಬಮನ್ನು ಸಾಲಾಗಿ ಕೇಳುವಾಗ ಸ್ಪಾಟಿಫೈ ಇಡೀ ಆಲ್ಬಮಿಗೆ ಒಂದೇ ಅಳತೆ ಹಾಕುತ್ತದೆ. ಯುದ್ಧದ ಪದ್ಯಕ್ಕಿಂತ ಶೋಕದ ಪದ್ಯ 3 ಡಿಬಿ ತಗ್ಗಿದ್ದರೆ ಹಾಗೆಯೇ ತಗ್ಗಿರುತ್ತದೆ.