ಜೋಲಿಯಲ್ಲಿ ಚಳಿ ಹತ್ತೋದು ಬೆನ್ನಿನ ಕೆಳಗಿಂದ

ಹ್ಯಾಮಕ್‌ನಲ್ಲಿ ನಾನು ಕಳೆದ ಮೊದಲ ರಾತ್ರಿ ಮೂರೇ ತಾಸಿನಲ್ಲಿ ಮುಗಿಯಿತು. ಅಟ್ಲಾಂಟಾದ ನಮ್ಮ ಮನೆಯ ಹಿತ್ತಲು, ನವೆಂಬರ್ ತಿಂಗಳು, ಎರಡು ಓಕ್ ಮರಗಳ ನಡುವೆ ಹೊಸ ಜೋಲಿ. ಹೊರಗೆ 7 ಡಿಗ್ರಿ ಸೆಲ್ಸಿಯಸ್. ನನ್ನ ಸ್ಲೀಪಿಂಗ್ ಬ್ಯಾಗಿನ ಚೀಟಿಯಲ್ಲಿ 20 ಡಿಗ್ರಿ ಫ್ಯಾರನ್‌ಹೀಟ್ ಅಂತಿತ್ತು, ಅಂದರೆ ಮೈನಸ್ 7 ಸೆಲ್ಸಿಯಸ್‌ವರೆಗಿನ ಚಳಿ ತಡೆಯುತ್ತದೆ ಅಂತ. ಲೆಕ್ಕದ ಪ್ರಕಾರ ನಾನು ಬೆವರಬೇಕಿತ್ತು. ಎದೆ, ಹೊಟ್ಟೆ ಬೆಚ್ಚಗೇ ಇದ್ದವು. ಬೆನ್ನು ಮತ್ತು ಸೊಂಟಕ್ಕೆ ಮಾತ್ರ ಯಾರೋ ಒದ್ದೆ ಬಟ್ಟೆ ಒತ್ತಿ ಹಿಡಿದ ಹಾಗೆ. ಎರಡು ಗಂಟೆಗೆ ಎದ್ದು ಒಳಗೆ ಹೋಗಿ ಸೋಫಾ ಮೇಲೆ ಬಿದ್ದುಕೊಂಡೆ.

ಮರುದಿನ ಫೋನಿನಲ್ಲಿ ಅವ್ವನಿಗೆ ಹೇಳಿದೆ. ಧಾರವಾಡದಿಂದ ಬೈಗುಳ ಬಂತು: "ಮನ್ಯಾಗ ಮಂಚ ಬಿಟ್ಟು ಗಿಡಕ್ಕ ಜೋತು ಬೀಳಾಕ ಹೊಂಟೀಯೇನೋ? ಕೆಳಗ ಏನ್ ಹಾಸಿದ್ದಿ?" ಏನೂ ಹಾಸಿರಲಿಲ್ಲ. "ಕೌದಿ ಹೊದಿಯೂದಕ್ಕಷ್ಟ ಅಲ್ಲೋ, ಹಾಸೂದಕ್ಕೂ ಬೇಕು" ಅಂದಳು.

ಅವಳು ಹೇಳಿದ್ದೇ ಸರಿ. ಬ್ಯಾಗಿನೊಳಗೆ ಇರುವುದು ಬಾತುಕೋಳಿಯ ಮೆತ್ತನೆ ತುಪ್ಪುಳ. ಬೆಚ್ಚಗಿಡುವುದು ಆ ತುಪ್ಪುಳ ಅರಳಿ ಹಿಡಿದಿಟ್ಟುಕೊಳ್ಳುವ ಗಾಳಿ. ನಾವು ಮೇಲೆ ಮಲಗಿದರೆ ನಮ್ಮ ಭಾರಕ್ಕೆ ಅದು ಹಪ್ಪಳದಂತೆ ಚಪ್ಪಟೆ. ಆಮೇಲೆ ಬೆನ್ನಿಗೂ ಹೊರಗಿನ ಗಾಳಿಗೂ ನಡುವೆ ಉಳಿಯುವುದು ತೆಳ್ಳನೆ ನೈಲಾನ್ ಬಟ್ಟೆ ಮಾತ್ರ. ಆ ಚೀಟಿಯ ಅಂಕಿಯ ಗುಟ್ಟು ಆಮೇಲೆ ಗೊತ್ತಾಯಿತು. ಬ್ಯಾಗುಗಳನ್ನು ಪರೀಕ್ಷಿಸುವಾಗ ಬಿಸಿ ಮಾಡಿದ ಬೊಂಬೆಯನ್ನು ಒಳಗೆ ಮಲಗಿಸುತ್ತಾರೆ, ಅದರ ಕೆಳಗೆ ಚಳಿ ತಡೆಯುವ ಮ್ಯಾಟ್ ಇರುತ್ತದೆ. ಮ್ಯಾಟ್ ಇಲ್ಲದೆ ಜೋಲಿಯಲ್ಲಿ ತೂಗಾಡುವವನಿಗೆ ಆ ಅಂಕಿ ಸುಮ್ನೆ.

ಮೊದಲು ಅಗ್ಗದ ದಾರಿ ಹಿಡಿದೆ. ಫೋಮ್ ಮ್ಯಾಟ್ ಅನ್ನು ಜೋಲಿಯೊಳಗೆ ಹಾಸಿಕೊಂಡೆ. ಬೆನ್ನಿನ ಚಳಿ ಹೋಯಿತು. ಆದರೆ ಮಗ್ಗುಲು ಬದಲಿಸಿದಾಗಲೆಲ್ಲ ಮ್ಯಾಟ್ ಜಾರುತ್ತದೆ, ಭುಜ ಹೊರಗೆ ಬೀಳುತ್ತದೆ, ಬೆಳಗ್ಗೆ ಅಂಗಿಯ ಬೆನ್ನು ಬೆವರಿಗೆ ಒದ್ದೆ. ಒಂದೆರಡು ರಾತ್ರಿಗೆ ಪರವಾಗಿಲ್ಲ. ನನ್ನ ತಲೆಯಲ್ಲಿದ್ದದ್ದು ಅಮೆರಿಕದ ಪೂರ್ವ ಬೆಟ್ಟಗಳ ಉದ್ದನೆ ಕಾಲ್ನಡಿಗೆ ದಾರಿಯಾದ ಅಪಲಾಚಿಯನ್ ಟ್ರೇಲ್‌ನ ಮೊದಲ ತುಂಡು: ಜಾರ್ಜಿಯಾದ ಸ್ಪ್ರಿಂಗರ್ ಬೆಟ್ಟದಿಂದ ನಾರ್ತ್ ಕೆರೊಲಿನಾದ ಫಾಂಟಾನಾ ಡ್ಯಾಂವರೆಗೆ, ಸುಮಾರು 165 ಮೈಲಿ. ಎರಡು ವಾರಕ್ಕೂ ಜಾಸ್ತಿ ನಿದ್ದೆಗೆಟ್ಟು ನಡೆಯಲು ನನ್ನಿಂದಾಗದು.

ಹಾಗಾಗಿ ಅಂಡರ್‌ಕ್ವಿಲ್ಟ್ ಕೊಂಡೆ. ಇದು ಜೋಲಿಯ ಹೊರಗೆ, ಕೆಳಗೆ, ಇಲಾಸ್ಟಿಕ್ ದಾರದಲ್ಲಿ ನೇತಾಡುವ ಕೌದಿ. ನಮ್ಮ ಭಾರ ಅದರ ಮೇಲೆ ಬೀಳುವುದಿಲ್ಲ, ತುಪ್ಪುಳ ಅರಳಿಕೊಂಡೇ ಇರುತ್ತದೆ. ಮುಕ್ಕಾಲು ಉದ್ದದ್ದು ಹಗುರ, ಭುಜದಿಂದ ಮೊಣಕಾಲಿನವರೆಗೆ ಬರುತ್ತದೆ. ಕಾಲಿನ ಕೆಳಗೆ ಬೇರೆ ಏನಾದರೂ ಇಟ್ಟುಕೊಳ್ಳಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವ ಗಾದೆಯನ್ನು ಮಾರ್ಚ್ ತಿಂಗಳ ಬೆಟ್ಟದ ಮೇಲೆ ಪರೀಕ್ಷೆ ಮಾಡುವ ಆಸೆ ನನಗಿರಲಿಲ್ಲ. ಪೂರ್ತಿ ಉದ್ದದ್ದೇ ತಗೊಂಡೆ, ಸುಮಾರು 600 ಗ್ರಾಂ. ಸಿಂಥೆಟಿಕ್ ಆದರೆ ನೆನೆದರೂ ಸ್ವಲ್ಪ ಬೆಚ್ಚಗಿರುತ್ತದೆ, ಬೆಲೆಯೂ ಕಡಿಮೆ. ಆದರೆ ಅಷ್ಟೇ ಬಿಸುಪಿಗೆ ತೂಕ ಜಾಸ್ತಿ, ಚೀಲದಲ್ಲಿ ಜಾಗವೂ ಜಾಸ್ತಿ. ಜೋಲಿಯ ಮೇಲೆ ಮಳೆಗೆ ಕಟ್ಟುವ ನನ್ನ ಟಾರ್ಪ್ ಅಗಲವಾಗಿತ್ತು, ಮಳೆ ಒಳಗೆ ಎರಚುವುದಿಲ್ಲ ಅನ್ನುವ ಧೈರ್ಯದ ಮೇಲೆ ತುಪ್ಪುಳಕ್ಕೇ ಮನಸ್ಸು ಮಾಡಿದೆ.

ಎಷ್ಟು ಡಿಗ್ರಿಯದ್ದು ಅನ್ನುವಲ್ಲಿ ಜಾಸ್ತಿ ತಲೆ ಕೆಡಿಸಿಕೊಂಡೆ. ಹವಾಮಾನ ವರದಿ ಊರಿನದ್ದು, ನಾವು ಮಲಗುವುದು ಬೆಟ್ಟದ ಮೇಲೆ. ಸಾವಿರ ಮೀಟರ್ ಏರಿದರೆ ಸುಮಾರು ಆರೂವರೆ ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಈ ದಾರಿಯವರು ಸಾಮಾನು ತುಂಬಿಕೊಳ್ಳಲು ಇಳಿಯುವ ಫ್ರಾಂಕ್ಲಿನ್ ಊರು ಸುಮಾರು 640 ಮೀಟರ್ ಎತ್ತರದಲ್ಲಿದೆ. ಪಕ್ಕದ ಸ್ಟ್ಯಾಂಡಿಂಗ್ ಇಂಡಿಯನ್ ಬೆಟ್ಟ 1,676 ಮೀಟರ್. ಊರಲ್ಲಿ 4 ಡಿಗ್ರಿ ಅಂದರೆ ಮೇಲೆ ಮೈನಸ್ 2, 3 ಅಂತಲೇ ಹಿಡಿಯಬೇಕು. ಇನ್ನೊಂದು, ಕ್ವಿಲ್ಟ್ ಮಾಡುವ ಸಣ್ಣ ತಯಾರಕರಲ್ಲಿ ಹಲವರು ಅಂಕಿಯನ್ನು ತಾವೇ ಅಂದಾಜು ಮಾಡಿ ಹಾಕುತ್ತಾರೆ. ನಾನು ಚಳಿಗೆ ಬೇಗ ಮುದುಡುವ ಪೈಕಿ. ಚೀಟಿಯ ಅಂಕಿಗೆ 10 ಫ್ಯಾರನ್‌ಹೀಟ್ ಸೇರಿಸಿದರೆ ನನ್ನ ನಿದ್ದೆಯ ಅಂಕಿ ಸಿಗುತ್ತದೆ. 30 ಡಿಗ್ರಿಯಲ್ಲಿ, ಅಂದರೆ ಮೈನಸ್ 1 ಸೆಲ್ಸಿಯಸ್‌ನಲ್ಲಿ, ನೆಮ್ಮದಿಯಾಗಿ ಮಲಗಲು 20 ಡಿಗ್ರಿಯದ್ದು ತಗೊಂಡೆ. ಹೊದೆಯಲು ಹಳೆಯ ಬ್ಯಾಗನ್ನೇ ಜಿಪ್ ಬಿಚ್ಚಿ ಇಟ್ಟುಕೊಂಡೆ. ದುಡ್ಡು ಒಂದಕ್ಕೇ ಸಾಕಾಗುವಂತಿದ್ದರೆ ಕೆಳಗಿನದಕ್ಕೇ ಹಾಕಿ. ಮೇಲಿನದಕ್ಕೆ ಸ್ವೆಟರ್, ಜಾಕೆಟ್ ಏನಾದರೂ ಸೇರಿಸಬಹುದು. ಕೆಳಗೆ ಸೇರಿಸಲು ಏನೂ ಇರುವುದಿಲ್ಲ.

ಹಿತ್ತಲಲ್ಲಿ ಐದು ರಾತ್ರಿ ಮಲಗಿ ನೋಡಿಯೇ ಹೊರಟೆ. ಆದರೂ ಎಂಟನೇ ರಾತ್ರಿ ಪಾಠ ಆಯಿತು. ಸ್ಟ್ಯಾಂಡಿಂಗ್ ಇಂಡಿಯನ್ ಹತ್ತಿರ ಒಂದು ಗ್ಯಾಪಿನಲ್ಲಿ ಜೋಲಿ ಕಟ್ಟಿದ್ದೆ. ಗ್ಯಾಪ್ ಅಂದರೆ ಎರಡು ಗುಡ್ಡಗಳ ನಡುವಿನ ತಗ್ಗು. ಜಾಗ ಸಮತಟ್ಟು, ಮರಗಳೂ ಹದವಾದ ದೂರದಲ್ಲಿ. ಆದರೆ ಗಾಳಿ ನುಗ್ಗುವುದೂ ಅಲ್ಲಿಂದಲೇ. ಮಾರ್ಚ್ ಕೊನೆಗೆ ಆ ಕಾಡಿನಲ್ಲಿ ಎಲೆಯೇ ಇರುವುದಿಲ್ಲ, ತಡೆಯುವವರು ಯಾರು? ನಡುರಾತ್ರಿ ಎಡಭುಜ ಸೆಟೆದು ಎಚ್ಚರವಾಯಿತು. ಪಕ್ಕದಿಂದ ಕೈ ಕೆಳಗೆ ಹಾಕಿ ತಡವಿದೆ. ಜೋಲಿಗೂ ಕ್ವಿಲ್ಟಿಗೂ ನಡುವೆ ಮೂರು ಬೆರಳು ಸಲೀಸಾಗಿ ಆಡುತ್ತಿದ್ದವು. ತಲೆಯ ಕಡೆಯ ಲಾಡಿ ಸಡಿಲವಾಗಿ ಬಾಯಿ ತೆರೆದುಕೊಂಡಿತ್ತು. ಗಾಳಿ ಒಂದು ತುದಿಯಿಂದ ಹೊಕ್ಕು ಇನ್ನೊಂದರಿಂದ ಹೊರಡುತ್ತಿತ್ತು. 20 ಡಿಗ್ರಿಯ ಕ್ವಿಲ್ಟ್ ಇದ್ದೂ ಇಲ್ಲದ ಹಾಗೆ.

ಇಳಿದೆ. ಲಾಡಿ ಎಳೆದು ಬಾಯಿ ಮುಚ್ಚಿದೆ. ಇಲಾಸ್ಟಿಕ್ ದಾರವನ್ನು ನಾಲ್ಕು ಬೆರಳಷ್ಟು ಗಿಡ್ಡ ಮಾಡಿದೆ. ಮೊದಲು ಜಾಸ್ತಿಯೇ ಬಿಗಿದುಬಿಟ್ಟೆ, ಆಗ ತುಪ್ಪುಳ ಮತ್ತೆ ಚಪ್ಪಟೆ. ಸ್ವಲ್ಪ ಬಿಟ್ಟೆ. ಕ್ವಿಲ್ಟ್ ಬೆನ್ನಿಗೆ ಮುತ್ತಿಕ್ಕುವಷ್ಟು ತಾಗಬೇಕು, ಅಪ್ಪಿಕೊಳ್ಳಬಾರದು. ಮಳೆ ಜಾಕೆಟ್ಟನ್ನು ಗಾಳಿ ಬರುವ ಕಡೆ ಹೊರಗಿನಿಂದ ಸಿಕ್ಕಿಸಿದೆ. ಒಲೆ ಹಚ್ಚಿ ನೀರು ಕಾಯಿಸಿ ಗಟ್ಟಿ ಪ್ಲಾಸ್ಟಿಕ್ ಬಾಟಲಿಗೆ ತುಂಬಿ, ಕಾಲುಚೀಲದೊಳಗೆ ತೂರಿಸಿ ತೊಡೆಯ ಸಂದಿಯಲ್ಲಿ ಇಟ್ಟುಕೊಂಡೆ. ಚೀಲದಲ್ಲಿ ಉಳಿದಿದ್ದ ಎರಡು ಶೇಂಗಾ ಉಂಡೆ ತಿಂದೆ. ಕ್ವಿಲ್ಟ್ ಬಿಸಿ ಹುಟ್ಟಿಸುವುದಿಲ್ಲ ನೋಡಿ, ನಮ್ಮದನ್ನೇ ಹಿಡಿದಿಡುತ್ತದೆ, ಖಾಲಿ ಹೊಟ್ಟೆ ಏನು ಕೊಡುತ್ತದೆ? ಹತ್ತು ನಿಮಿಷದಲ್ಲಿ ಭುಜ ಸಡಿಲವಾಯಿತು. ಬೆಳಗ್ಗೆ ಕುಡಿಯಲು ಇಟ್ಟಿದ್ದ ನೀರಿನ ಮೇಲೆ ತೆಳ್ಳಗೆ ಐಸ್ ಕಟ್ಟಿತ್ತು.

ಅವತ್ತಿನಿಂದ ಗ್ಯಾಪಿನಲ್ಲಿ ಕಟ್ಟಲಿಲ್ಲ. ಸ್ವಲ್ಪ ಮೇಲೆ, ಗಾಳಿಗೆ ಬೆನ್ನು ಹಾಕಿದ ಇಳಿಜಾರಿನಲ್ಲಿ, ರೋಡೋಡೆಂಡ್ರಾನ್ ಪೊದೆಗಳ ಮರೆ ಹುಡುಕುತ್ತಿದ್ದೆ. ಅವು ಚಳಿಗಾಲದಲ್ಲೂ ಎಲೆ ಉದುರಿಸುವುದಿಲ್ಲ. ಹಳ್ಳದ ತಳಕ್ಕೂ ಇಳಿಯುತ್ತಿರಲಿಲ್ಲ, ತಣ್ಣನೆ ಗಾಳಿ ರಾತ್ರಿ ಅಲ್ಲೇ ಮಡುಗಟ್ಟುತ್ತದೆ.

ಫಾಂಟಾನಾ ದಾಟಿದರೆ ಸ್ಮೋಕಿ ಬೆಟ್ಟಗಳು. ಆ ರಾಷ್ಟ್ರೀಯ ಉದ್ಯಾನದಲ್ಲಿ ಟ್ರೇಲ್‌ನವರು ಶೆಲ್ಟರುಗಳಲ್ಲಿ, ಅಂದರೆ ದಾರಿಯ ತಂಗುಮನೆಗಳಲ್ಲಿ, ಮಲಗಬೇಕು, ಅದರೊಳಗೆ ಜೋಲಿ ಕಟ್ಟುವ ಹಾಗಿಲ್ಲ. ಹಲಗೆಯ ಮೇಲೆ ಅಂಡರ್‌ಕ್ವಿಲ್ಟ್ ಹಾಸಿದರೆ ಮತ್ತೆ ಅದೇ ಹಪ್ಪಳ. ಮುಂದಿನ ವಸಂತಕ್ಕೆ ಆ ತುಂಡು ನಡೆಯಬೇಕು ಅಂತಿದ್ದೇನೆ, ಮೂಲೆಗೆ ಎಸೆದಿದ್ದ ಫೋಮ್ ಮ್ಯಾಟನ್ನು ಈಗಲೇ ಹುಡುಕಿ ಧೂಳು ಕೊಡವಿ ಇಟ್ಟಿದ್ದೇನೆ.