ವಿಜಯಪುರಕ್ಕ ಹೊಸದಾಗಿ ಬಂದವ್ರಿಗೆ: ಕಾಯಿಪಲ್ಲೆ, ಹಣ್ಣು ಬಾಡದಂಗ ಇಟ್ಕೊಳ್ಳೂದು ಹೆಂಗ

ಬ್ಯಾಂಕ್ ಟ್ರಾನ್ಸ್‌ಫರ್ ಆಗಿ, ಕೂಡಗಿ ಎನ್‌ಟಿಪಿಸಿ ಕೆಲಸಕ್ಕ, ಸೈನಿಕ ಶಾಲಿಗೆ, ಮೆಡಿಕಲ್ ಕಾಲೇಜಿಗೆ ಅಂತ ಮೈಸೂರು, ಮಂಗಳೂರು, ಶಿವಮೊಗ್ಗ ಕಡಿಂದ ಬಂದ ಮನಿಯವರು ನಮ್ಮ ಬಳಗದಾಗ ಮೊದಲ ಕೇಳೂದು ಬಾಡಿಗಿ ಮನಿ, ಮಕ್ಕಳ ಸಾಲಿ, ನೀರು ಯಾವಾಗ ಬರ್ತದ ಅನ್ನೂದು. ಕಾಯಿಪಲ್ಲೆ ಸುದ್ದಿ ಯಾರೂ ತಗ್ಯಂಗಿಲ್ಲ. ಮಾರ್ಚ್ ದಾಟಿದ ಮ್ಯಾಲ ಶುರು ಆಗ್ತದ ನೋಡ್ರಿ, ಮುಂಜಾನಿ ತಂದ ಕೋತಂಬ್ರಿ ಸಂಜಿಗೆ ಜೋತು ಬಿದ್ದದ, ಬಾಳಿಹಣ್ಣು ಎರಡ ದಿನಕ್ಕ ಕರ್ರಗ ಆದ್ವು, ಲಿಂಬಿಕಾಯಿ ಹಿಂಡಿದ್ರ ಒಂದ ಹನಿ ರಸ ಇಲ್ಲ, ನಮ್ಮ ಊರಾಗ ಹಿಂಗ ಆಗ್ತಿರ್ಲಿಲ್ರಿ ಅಂತ. ಖರೇನ ಅದು, ಯಾಕಂದ್ರ ಅಲ್ಲಿ ಗಾಳ್ಯಾಗ ಪಸಿ ಇರ್ತದ, ಇಲ್ಲಿ ಬ್ಯಾಸಗ್ಯಾಗ ಅದು ಇರಂಗಿಲ್ಲ. ಕರಾವಳ್ಯಾಗ ಕಾಯಿಪಲ್ಲೆ ಕೊಳತು ಕೆಡ್ತದ, ನಮ್ಮಲ್ಲಿ ಒಣಗಿ ಕೆಡ್ತದ. ಅದಕ್ಕ ಅಲ್ಲಿ ಕಲತ ಪದ್ಧತಿ ಇಲ್ಲಿ ಅರ್ಧಾ ನಡೀತದ, ಅರ್ಧಾ ಉಲ್ಟಾ ಹೊಡೀತದ.

ಕಿತ್ತ ಮ್ಯಾಲೂ ಕಾಯಿ, ಸೊಪ್ಪು, ಹಣ್ಣು ಉಸಿರಾಡ್ತಾನ ಇರ್ತಾವ, ಒಳಗಿನ ಸಕ್ಕರಿ ಸುಟ್ಕೊಂಡು, ನೀರು ಬಿಟ್ಕೊಂಡು. ಸುತ್ತಲಿನ ಕಾವು 10 ಡಿಗ್ರಿ ಏರಿದ್ರ ಈ ಉಸಿರಾಟ ಹೆಚ್ಚೂಕಮ್ಮಿ ಎರಡ ಪಟ್ಟು, ಕೆಲವಕ್ಕ ಮೂರ ಪಟ್ಟೂ ಆಗ್ತದ. ಅಂದ್ರ 25 ಡಿಗ್ರಿ ಇರೂ ಅಡಗಿಮನ್ಯಾಗ ನಾಲ್ಕ ದಿನ ಬರೂ ಬೆಂಡಿಕಾಯಿ, 35 ಡಿಗ್ರಿಯಾಗ ಎರಡ ದಿನಾನೂ ಬಂದ್ರ ಪುಣ್ಯಾ.

ಇಲ್ಲೇ ಇನ್ನೊಂದ ಮಾತು. ಟಮಾಟಿ ಫ್ರಿಜ್‌ನಾಗ ಇಡಬ್ಯಾಡ್ರಿ, ಬಾಳಿಹಣ್ಣು ಇಡಬ್ಯಾಡ್ರಿ, ರೂಂ ಟೆಂಪರೇಚರ್‌ನಾಗ ಇಡ್ರಿ ಅಂತ ಮೊಬೈಲ್‌ನಾಗ ವಿಡಿಯೋ ಬರ್ತಾವಲ್ಲ, ಆ ರೂಂ 20-22 ಡಿಗ್ರಿದು. ನಮ್ಮ ಮೇ ತಿಂಗಳ ರೂಂ ಅಲ್ಲ. ಹೊರಗ ನಲವತ್ತು ದಾಟಿದಾಗ ಆರ್‌ಸಿಸಿ ಸ್ಲ್ಯಾಬಿನ ಕೆಳಗಿನ ಮ್ಯಾಲಿನ ಅಂತಸ್ತಿನ ಬಾಡಿಗಿ ಮನಿ ರಾತ್ರಿ ಹತ್ತಕ್ಕೂ ಕಾವು ಉಗುಳ್ತಿರ್ತದ, ಅಲ್ಲಿ ಟಮಾಟಿ ಇಟ್ರ ಕೆಂಪನೂ ಸರಿ ಆಗಂಗಿಲ್ಲ, 30 ಡಿಗ್ರಿ ದಾಟಿದ್ರ ಟಮಾಟಿ ಕೆಂಪ ಬಣ್ಣ ಕಟ್ಟೂದು ಕಮ್ಮಿ ಮಾಡ್ತದ, ಹಳದಿ ಹಳದಿ ಉಳಕೊಂಡು ಮೆತ್ತಗ ಆಗ್ತದ. ಬಾಳಿಹಣ್ಣೂ ಹಂಗ, ದೊಡ್ಡ ಹಸರ ಬಾಳಿಹಣ್ಣು ಕಾವಿನಾಗ ಹೊರಗ ಹಸರ ಇದ್ರೂ ಒಳಗ ಹಣ್ಣಾಗಿ ಮೆತ್ತಗ ಆಗಿರ್ತದ, ಹಣ್ಣಾಗಿಲ್ಲ ಅಂತ ನೀವು ಕಾಯ್ತಾ ಕೂಡ್ತೀರಿ. ಅದಕ್ಕ ನಮ್ಮ ಲೆಕ್ಕ ಇಷ್ಟು: ನವೆಂಬರಿಂದ ಫೆಬ್ರವರಿತನಕ ಆ ವಿಡಿಯೋದವರ ಮಾತು ಕೇಳ್ರಿ, ಏಪ್ರಿಲ್ ಮೇದಾಗ ಹಣ್ಣಾದ ಟಮಾಟಿ ಫ್ರಿಜ್‌ನಾಗ ಇಡ್ರಿ, ರುಚಿ ಜರಾ ಕಮ್ಮಿ ಆದ್ರೂ ಸಾರಿಗೆ ಅಡ್ಡಿಲ್ಲ. ಬಾಳಿಹಣ್ಣು ಅರ್ಧಾ ಡಜನ್‌ಗಿಂತ ಹೆಚ್ಚು ತರಬ್ಯಾಡ್ರಿ, ಹಣ್ಣಾದದ್ದು ಫ್ರಿಜ್‌ಗೆ ಹಾಕಿದ್ರ ಸಿಪ್ಪಿ ಕರ್ರಗ ಆಗ್ತದ, ಒಳಗ ಎರಡ ದಿನ ಚಲೋನ ಇರ್ತದ. ಕಾಯಿ ಇದ್ದಾಗ ಮಾತ್ರ ಹಾಕಬ್ಯಾಡ್ರಿ, ಆಮ್ಯಾಲ ಹೊರಗ ತಗದ್ರೂ ಸರಿಯಾಗಿ ಹಣ್ಣಾಗಂಗಿಲ್ಲ.

ತರೂ ಹೊತ್ತು

ಗಾಂಧಿಚೌಕ ಕಡೆ ಮಾರ್ಕೆಟ್ಟಿಗೆ ಹೋಗೂದಾದ್ರ ಮುಂಜಾನಿ ಎಂಟರ ಒಳಗ ಹೋಗ್ರಿ, ಹಳ್ಳಿಂದ ಬಂದ ಅಕ್ಕಾರು ನೆಲದ ಮ್ಯಾಲ ಚೀಲ ಹಾಸಿ ಕೂತಿರ್ತಾರ, "ಅಕ್ಕಾ, ಇವತ್ತ ಕಿತ್ತದ್ದ ಏನ?" ಅಂತ ಕೇಳ್ರಿ, ನಿನ್ನಿದಾದ್ರ ನಿನ್ನಿದು ಅಂತಾನ ಹೇಳ್ತಾರ. ಮಧ್ಯಾಹ್ನ ಬಿಸಲಾಗ ನಿಂತ ಗಾಡಿ ಮ್ಯಾಲಿನ ಸೊಪ್ಪಿಗೆ ತಾಸಿಗೊಮ್ಮೆ ನೀರು ಚಿಮಿಕಿಸಿರ್ತಾರ, ನೋಡ್ಲಾಕ ತಾಜಾ, ಮನಿಗೆ ತಂದ್ರ ಒಳಗ ಬಿಸಿ. ಹಂಗ ಬಿಸಿ ಇದ್ದದ್ದನ್ನ ಸೀದಾ ಪ್ಲಾಸ್ಟಿಕ್ ಚೀಲದಾಗ ಕಟ್ಟಿ ಫ್ರಿಜ್‌ಗೆ ತುರುಕಿದ್ರ ಒಳಗ ಬೆವರತದ, ಮರುದಿನಕ್ಕ ಲೋಳಿ. ಮೊದಲ ಫ್ಯಾನ್ ಕೆಳಗ ನೆಳ್ಳಾಗ ಅರ್ಧಾ ತಾಸು ಹರವಿ ಬಿಡ್ರಿ, ತಣ್ಣಗಾದ ಮ್ಯಾಲ ಇಡ್ರಿ. ಕಾರ್‌ನಾಗ ತರೋರು ಡಿಕ್ಕಿಯೊಳಗ ಇಟ್ಟು ಬ್ಯಾರೆ ಕಡೆ ಸುತ್ತಾಡ್ಲಾಕ ಹೋಗಬ್ಯಾಡ್ರಿ, ಡಿಕ್ಕಿಯೊಳಗ ಮೆಂತ್ಯಾ ಬೆಂದು ಹೋಗ್ತದ.

ಸೊಪ್ಪು

ಇಲ್ಲಿ ಸೊಪ್ಪು ಬರೇ ಪಲ್ಲೆ ಮಾಡಿ ತಿನ್ನಂಗಿಲ್ರಿ, ರೊಟ್ಟಿ ಜೋಡಿ ಹಸೀನ ತಿಂತಾರ, ಹಕ್ಕರಕಿ, ಮೆಂತ್ಯಾ, ಉಳ್ಳಾಗಡ್ಡಿ ತಪ್ಪಲಾ, ಮೂಲಂಗಿ, ಎಳಿ ಸೌತಿಕಾಯಿ. ನೀವೂ ಆರ ತಿಂಗಳಾದ ಮ್ಯಾಲ ತಿನ್ನಲಾಕ ಶುರು ಮಾಡ್ತೀರಿ, ಅದರ ಬಗ್ಗೆ ನಮಗ ಡೌಟಿಲ್ಲ. ಹಸಿ ತಿನ್ನೂದಿರೂದರಿಂದ ಬಾಡಿದ್ದು ನಡ್ಯಂಗಿಲ್ಲ, ಸ್ವಚ್ಛ ಇರೂದೂ ಬೇಕು.

ತಂದ ಕೂಡ್ಲೆ ಹಗ್ಗಾ ಬಿಚ್ರಿ, ಕಟ್ಟಿದ ಜಾಗಾದಾಗ ಮೊದಲ ಕೊಳೀತದ. ಹಳದಿ ಎಲಿ, ಹುಲ್ಲು ತಗೀರಿ, ಎರಿ ಮಣ್ಣು ಹತ್ತಿದ ಬೇರು ಕೊಯ್ದು ಒಗೀರಿ (ಕೋತಂಬ್ರಿದು ಬಿಟ್ಟು), ತೊಳೀಬ್ಯಾಡ್ರಿ. ಹಳೀ ಕಾಟನ್ ಸೀರಿ ಇಲ್ಲಂದ್ರ ಧೋತ್ರದ ತುಂಡು ನೀರಾಗ ಅದ್ದಿ, ಗಟ್ಟಿ ಹಿಂಡಿ, ಅದರಾಗ ಸಡಿಲಾಗಿ ಸುತ್ತಿ ಫ್ರಿಜ್‌ನ ಕೆಳಗಿನ ಡ್ರಾವರ್‌ನಾಗ ಇಡ್ರಿ. ಮಳಿಗಾಲದಾಗ ಇದ ಅರವಿ ಒಣಾ ಇರಬೇಕು, ಆಗ ಸೊಪ್ಪಿನಾಗೇ ಸಾಕಷ್ಟ ನೀರಿರ್ತದ. ಫ್ರಾಸ್ಟ್ ಫ್ರೀ ಫ್ರಿಜ್ ಇದ್ದವರು ಇನ್ನೂ ಹುಷಾರಿರ್ರಿ, ಅದರ ಫ್ಯಾನ್ ಗಾಳಿ ಬಿಚ್ಚಿಟ್ಟದ್ದನ್ನೆಲ್ಲಾ ಒಣಗಿಸ್ತದ, ಹಂಗೇ ತೆರದು ಇಟ್ಟ ಸೊಪ್ಪು ಎರಡ ದಿನಕ್ಕ ಹಾಳಿ ಹಾಳಿ ಆಗ್ತದ. ಡ್ರಾವರ್‌ಗೆ ಜಾರಸೂ ಕಿಂಡಿ ಇದ್ರ ಸೊಪ್ಪಿಗೆ ಮುಚ್ಚಿಡ್ರಿ, ಹಣ್ಣಿಗೆ ತೆರದಿಡ್ರಿ.

ಕೋತಂಬ್ರಿ ಬೇರು ಸಮೇತ ಒಂದ ಗ್ಲಾಸ್ ನೀರಾಗ ನಿಲ್ಲಿಸಿ, ಮ್ಯಾಲ ಸಡಿಲ ಚೀಲ ಮುಚ್ಚಿ ಫ್ರಿಜ್‌ನಾಗ ಇಟ್ರ ವಾರ ಆರಾಮ ಬರ್ತದ, ಎರಡ ದಿನಕ್ಕೊಮ್ಮೆ ನೀರು ಬದಲ ಮಾಡ್ರಿ. ಕರಿಬೇವು ಕಡ್ಡಿಯಿಂದ ಬಿಡಿಸಿ, ಪಸಿ ಇಲ್ಲದ ಡಬ್ಬಿಯೊಳಗ. ಹಸಿಮೆಣಸಿನಕಾಯಿ ತೊಟ್ಟು ಕಿತ್ತು, ಡಬ್ಬಿ ತಳಕ್ಕ ಪೇಪರ್ ಹಾಸಿ ಇಡ್ರಿ, ಎರಡ ವಾರಕ್ಕ ಮೋಸಿಲ್ಲ, ಒಂದ ಕೊಳತದ್ದು ಕಂಡ್ರ ಅವತ್ತ ತಗದ ಒಗೀರಿ.

ತಿನ್ನೂ ಮುಂದ ಬೋಗಾಣಿ ತುಂಬ ನೀರಾಗ ಮುಳಗಿಸಿ ಆಡಿಸ್ರಿ, ಮಣ್ಣು ತಳಕ್ಕ ಕೂಡ್ತದ, ಸೊಪ್ಪು ಮ್ಯಾಲಿಂದ ಎತ್ತಿ ಹೊಸ ನೀರಿಗೆ ಹಾಕ್ರಿ, ತಳದಾಗ ಮಣ್ಣು ಕಾಣೂದು ನಿಲ್ಲೂತನಕ. ನೀರು ಬಗ್ಗಿಸಿ ಸೊಪ್ಪು ಉಳಿಸಿದ್ರ ಮಣ್ಣು ವಾಪಸ್ ಅದರ ಮ್ಯಾಲೇ ಬೀಳ್ತದ. ಬಾಡಿದ ಸೊಪ್ಪು, ಗಜ್ಜರಿ, ಮೂಲಂಗಿ ತಣ್ಣೀರಾಗ ಅರ್ಧಾ ತಾಸು ಇಟ್ರ ಮತ್ತ ಜೀವ ಬರ್ತದ, ಅವು ಕೆಟ್ಟಿರಂಗಿಲ್ಲ, ಬರೇ ನೀರಡಿಸಿರ್ತಾವ.

ಫ್ರಿಜ್ ಇಲ್ಲದವ್ರಿಗೆ

ಹೊಸದಾಗಿ ಬಂದವರ ಸಾಮಾನು ಲಾರಿ ಬರೂತನಕ, ಇಲ್ಲಾ ಒಬ್ಬರೇ ರೂಂ ಮಾಡಿ ಇರೋರಿಗೆ, ಈ ಒಣಾ ಗಾಳಿ ಉಪಯೋಗಕ್ಕೂ ಬರ್ತದ. ಮಣ್ಣಿನ ಗಡಿಗ್ಯಾಗ ನೀರು ಯಾಕ ತಣ್ಣಗ ಇರ್ತದ, ಮೈಯಿಂದ ನೀರು ಜಿನುಗಿ ಆರಿ ಹೋಗ್ತದ, ಹೋಗೂ ಮುಂದ ಕಾವು ತಗೊಂಡ ಹೋಗ್ತದ. ಗಾಳಿ ಎಷ್ಟ ಒಣಾ ಇರ್ತದೋ ಅಷ್ಟ ಜೋರ ತಣ್ಣಗ. ಮಂಗಳೂರಾಗ ಈ ಆಟ ನಡ್ಯಂಗಿಲ್ಲ, ವಿಜಯಪುರದಾಗ ಭಾಳ ಚಲೋ ನಡೀತದ.

ಒಂದ ದೊಡ್ಡ ಗಡಿಗಿ, ಅದರಾಗ ಹಿಡಿಯೂ ಅಂಥಾ ಸಣ್ಣ ಗಡಿಗಿ, ನಡುವ ಎರಡ ಬೆರಳಷ್ಟು ಉಸುಕು ತುಂಬ್ರಿ, ಉಸುಕಿಗೆ ಮುಂಜಾನಿ ಸಂಜಿ ನೀರು ಹಾಕ್ರಿ, ಒಳಗ ಕಾಯಿಪಲ್ಲೆ ಇಟ್ಟು ಬಾಯಿಗೆ ಹಸಿ ಅರವಿ ಮುಚ್ರಿ. ಬಣ್ಣ ಬಳದ ಗಡಿಗಿ ತರಬ್ಯಾಡ್ರಿ, ನೀರು ಜಿನುಗಂಗಿಲ್ಲ. ಗಾಳಿ ಆಡೂ ನೆಳ್ಳಾಗ ಇಡ್ರಿ, ಮೂಲ್ಯಾಗ ತುರುಕಿದ್ರ ಕೆಲಸ ಮಾಡಂಗಿಲ್ಲ. ದಿಲ್ಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯವರು ಇದ ಲೆಕ್ಕದ ಮ್ಯಾಲ ಇಟ್ಟಂಗಿಯ ಎರಡ ಗ್ವಾಡಿ ಕಟ್ಟಿ ನಡುವ ಹಸಿ ಉಸುಕು ತುಂಬಿ ಕರೆಂಟ್ ಬೇಡದ ತಂಪು ಕೋಣಿ ಮಾಡ್ಯಾರ, ಕಡು ಬ್ಯಾಸಗ್ಯಾಗ ಒಳಗ ಹೊರಗಿಗಿಂತ 10-15 ಡಿಗ್ರಿ ಕಮ್ಮಿ ಇರ್ತದ. ಹಿತ್ತಲ ಇದ್ದವರು, ತ್ವಾಟದ ಮನ್ಯಾಗ ಇರೋರು ಕಟ್ಟಿಸ್ಕೋಬಹುದು. ಬದನಿಕಾಯಿ, ಬೆಂಡಿಕಾಯಿ, ಹೀರಿಕಾಯಿ, ಸೌತಿಕಾಯಿಗೆ ನಮ್ಮ ಕೇಳಿದ್ರ ಫ್ರಿಜ್‌ಗಿಂತ ಗಡಿಗೀನ ಚಲೋ, ಯಾಕಂದ್ರ 10 ಡಿಗ್ರಿ ಕೆಳಗ ಹ್ವಾದ್ರ ಸೌತಿಕಾಯಿ, ಬದನಿಕಾಯಿಗೆ ಥಂಡಿ ಹೊಡದು ಕಲಿ ಬೀಳ್ತಾವ, ಒಳಗ ನೀರ ನೀರ ಆಗ್ತದ. ಫ್ರಿಜ್‌ನಾಗ ಇಡೂದಾದ್ರ ಬಾಗಲದ ಕಡೆ ಇಡ್ರಿ, ಹಿಂದಿನ ಗ್ವಾಡಿಗೆ ಹಚ್ಚಬ್ಯಾಡ್ರಿ, ಎರಡ ಮೂರ ದಿನದಾಗ ಮುಗಸ್ರಿ.

ಉಳ್ಳಾಗಡ್ಡಿ, ಬಟಾಟಿ

ಇವೆರಡೂ ಒಂದ ಬುಟ್ಟ್ಯಾಗ ಇಡೂ ರೂಢಿ ಎಲ್ಲಾ ಕಡೆ ಅದ, ಬಿಡ್ರಿ ಅದನ್ನ. ಬಟಾಟಿ ಪಸಿ ಬಿಡ್ತದ, ಉಳ್ಳಾಗಡ್ಡಿ ಮೊಳಕಿ ಒಡೀತದ.

ಉಳ್ಳಾಗಡ್ಡಿ ನಮ್ಮ ಜಿಲ್ಲಾ, ಬಾಗಲಕೋಟಿ ಎರಡೂ ಕಡೆ ಬೆಳೀತಾರ, ಚೀಲಗಟ್ಟಲೆ ಸೋವಿ ಸಿಗ್ತದ ಅಂತ ಆಸಿಗೆ ಬಿದ್ದು ದೀಪಾವಳಿ ಹೊತ್ತಿಗೆ ಚೀಲಾ ತಗೋಬ್ಯಾಡ್ರಿ. ಅದು ಮಳಿಗಾಲದ ಬೆಳಿ, ನೀರು ಹೆಚ್ಚು, ತಿಂಗಳೂ ತಡ್ಯಂಗಿಲ್ಲ. ಚೀಲಾ ತಗೋಳೂದಾದ್ರ ಮಾರ್ಚ್ ಏಪ್ರಿಲ್‌ನಾಗ ಬರೂ ಹಿಂಗಾರಿ ಉಳ್ಳಾಗಡ್ಡಿ ತಗೋರಿ, ಕುತಗಿ ಸಣ್ಣಗ ಒಣಗಿರಬೇಕು, ಸಿಪ್ಪಿ ಗರಗರ ಅನಬೇಕು. ನೆಲದ ಮ್ಯಾಲ ಸುರೀಬ್ಯಾಡ್ರಿ, ಕೆಳಗ ಗಾಳಿ ಆಡೂ ಹಂಗ ಹೊರಸು ಇಲ್ಲಾ ಜಾಳಿಗಿ ಬುಟ್ಟಿ ಮ್ಯಾಲ ತೆಳ್ಳಗ ಹರವ್ರಿ, ನಾಲ್ಕೈದ ತಿಂಗಳು ಬರ್ತದ. ಕೂಲರ್ ಮುಂದ ಮಾತ್ರ ಇಡಬ್ಯಾಡ್ರಿ. ಇಲ್ಲಿ ಮನಿಮನಿಗೆ ಕೂಲರ್ ಅದಾವ, ಅದರ ಪಸಿ ಗಾಳಿ ಸೊಪ್ಪಿಗೆ ಅಮೃತ, ಉಳ್ಳಾಗಡ್ಡಿ ಬಳ್ಳೊಳ್ಳಿಗೆ ವಿಷ.

ಬಟಾಟಿ ಫ್ರಿಜ್‌ನಾಗ ಇಟ್ರ ಒಳಗಿನ ಪಿಷ್ಟ ಸಕ್ಕರಿ ಆಗಿ ಸಿಹಿ ಹೊಡೀತದ, ಕರದ್ರ ಲಗೂನ ಕಪ್ಪಾಗ್ತದ. ಹೊರಗ 35ರ ಮ್ಯಾಲಿನ ಕಾವಿನಾಗ ಭಾಳ ದಿನ ಬಿಟ್ರ ನಡುವ ಕರ್ರಗ ಆಗ್ತದ. ಹಿಂಗಾಗಿ ಬ್ಯಾಸಗ್ಯಾಗ ಕಿಲೋ ಕಿಲೋ ತರೂದ ಬೆಸ್ಟ್, ಕತ್ತಲಾಗ, ತಣ್ಣನ್ನ ನೆಲದ ಹತ್ರ. ಬೆಳಕಿಗೆ ಹಸರ ಆದ ಬಟಾಟಿ ತಿನ್ನಬ್ಯಾಡ್ರಿ.

ಹಣ್ಣು

ಹಣ್ಣಿನ ಬುಟ್ಟಿ ಕಾಯಿಪಲ್ಲೆ ಹತ್ರ ಬ್ಯಾಡ. ಮಾವು, ಬಾಳಿ, ಪಪ್ಪಾಯಿ, ಚಿಕ್ಕು, ಪೇರಲ, ಸೇಬು, ಟಮಾಟಿ ಹಣ್ಣಾಗೂ ಮುಂದ ಎಥಿಲೀನ್ ಅಂತ ಗ್ಯಾಸ್ ಬಿಡ್ತಾವ, ಅದು ಬಡದ್ರ ಸೌತಿಕಾಯಿ, ಸೊಪ್ಪು ಹಳದಿ ಆಗ್ತಾವ, ಗಜ್ಜರಿ ಕಹಿ ಆಗ್ತದ. ಕಾಯಿ ಮಾವು ಲಗೂನ ಹಣ್ಣಾಗಬೇಕಂದ್ರ ಅದ ಗ್ಯಾಸ್ ಕೆಲಸಕ್ಕ ಬರ್ತದ, ಒಂದ ಹಣ್ಣಾದ ಬಾಳಿಹಣ್ಣು ಜೋಡಿ ಪೇಪರ್‌ನಾಗ ಸುತ್ತಿ ಇಡ್ರಿ.

ದ್ರಾಕ್ಷಿ ನಮ್ಮ ಊರಿನ ಹೆಮ್ಮಿ, ತಿಕೋಟಾ, ಬಬಲೇಶ್ವರ ಕಡಿಂದ ಫೆಬ್ರವರಿ ಮಾರ್ಚ್‌ನಾಗ ಗಾಡಿ ಗಾಡಿ ಬರ್ತದ. ಹುಳಿ ಅದ, ಇಟ್ರ ಸಿಹಿ ಆಗ್ತದ ಅಂತ ತರಬ್ಯಾಡ್ರಿ, ಬಳ್ಳಿಂದ ಕೊಯ್ದ ಮ್ಯಾಲ ದ್ರಾಕ್ಷಿ ಸಿಹಿ ಆಗಂಗಿಲ್ಲ, ಒಂದ ಕಾಳು ಬಾಯಾಗ ಹಾಕ್ಕೊಂಡು ನೋಡೀನ ತಗೋರಿ, ಯಾರೂ ಬ್ಯಾಡ ಅನ್ನಂಗಿಲ್ಲ. ತೊಟ್ಟು ಹಸರ ಇರಬೇಕು. ಕಾಳಿನ ಮ್ಯಾಲಿನ ಬೆಳ್ಳನ್ನ ಪುಡಿಯಂಥದ್ದು ಬಹುತೇಕ ಅದರದ್ದೇ ಮೇಣ, ನೀರು ಹೋಗದಂಗ ಅದ ಕಾಯ್ತದ, ಅದಕ್ಕ ಇಡೂ ಮುಂದ ತೊಳೀಬಾರದು. ತಿನ್ನೂ ಮುಂದ ಮಾತ್ರ ಹರಿಯೂ ನೀರಾಗ ಚೆಂದಾಗಿ ತೊಳೀರಿ, ಔಷಧ ಹೊಡದಿರ್ತಾರ. ಉದರಿದ, ಒಡದ ಕಾಳು ತಗದು, ತೂತಿರೂ ಡಬ್ಬ್ಯಾಗ, ಫ್ರಿಜ್‌ನಾಗ ಎಲ್ಲಾಕಿಂತ ತಣ್ಣಗ ಇರೂ ಕಡೆ. ಒಣದ್ರಾಕ್ಷಿ ಇಲ್ಲಿ ಸೋವಿ ಅಂತ ಐದೈದ ಕಿಲೋ ತಗೊಂಡು ಅಟ್ಟದ ಮ್ಯಾಲ ಇಡ್ತಾರ ಮಂದಿ, ಬ್ಯಾಸಗಿ ಕಾವಿಗೆ ಬಣ್ಣ ಕೆಂಪಾಗಿ ಮಳಿಗಾಲಕ್ಕ ಅಂಟಂಟ ಆಗ್ತದ, ಅದನ್ನೂ ಗಾಳಿ ಹೋಗದ ಡಬ್ಬ್ಯಾಗ ಫ್ರಿಜ್‌ನಾಗೇ ಇಡ್ರಿ.

ಲಿಂಬಿ ಅಂದ್ರ ಇಂಡಿ ಲಿಂಬಿ, 2023ರಾಗ ಜಿಐ ಟ್ಯಾಗ್ ಸಿಕ್ಕದ. ಹೊರಗ ಬುಟ್ಟ್ಯಾಗ ಇಟ್ರ ವಾರಕ್ಕ ಗಟ್ಟಿ, ಗಟ್ಟಿ ಮುಚ್ಚೂ ಡಬ್ಬ್ಯಾಗ ಫ್ರಿಜ್‌ನಾಗ ಇಟ್ರ ತಿಂಗಳು. ಸೋವಿ ಇದ್ದಾಗ ರಸ ಹಿಂಡಿ ಐಸ್ ಟ್ರೇನಾಗ ಹೆಪ್ಪುಗಟ್ಟಿಸಿ ಇಡ್ರಿ, ಮೇದಾಗ ರೇಟ್ ಏರಿದಾಗ ನಮಗ ನೆನಸ್ತೀರಿ. ದಾಳಿಂಬ್ರಿ ಸಿಪ್ಪಿ ಒಣಗಿ ತೊಗಲಾದ್ರೂ ಹೆದರಬ್ಯಾಡ್ರಿ, ಒಳಗ ಕಾಳು ಚಲೋ ಇರ್ತಾವ, ಫ್ರಿಜ್‌ನಾಗ ತಿಂಗಳ ಮ್ಯಾಲೂ ಬರ್ತದ. ಹೆಚ್ಚಿದ ಕಲ್ಲಂಗಡಿ ವಿಷಯಾ ಬ್ಯಾರೆ, ಇಂಥಾ ಬಿಸಲಾಗ ಒಂದ ತಾಸಿನೊಳಗ ತಿನ್ರಿ ಇಲ್ಲಾ ಫ್ರಿಜ್‌ಗೆ ಹಾಕ್ರಿ.

ಉಳದದ್ದನ್ನ ಮಾಳಿಗಿ ಮ್ಯಾಲ ಹಾಕ್ರಿ

ಸಂತ್ಯಾಗ ಸೋವಿ ಸಿಕ್ತು ಅಂತ ಹೆಚ್ಚು ತಂದೀರಿ, ಮುಗೀವಲ್ದು, ಬ್ಯಾಸಗಿ ಇದ್ರ ಒಣಗಿಸ್ರಿ. ಚವಳಿಕಾಯಿ, ಹಾಗಲಕಾಯಿ ಹೋಳು ಉಪ್ಪು ಹಚ್ಚಿ, ಮೆಣಸಿನಕಾಯಿ ಸೀಳಿ ಮಜ್ಜಿಗ್ಯಾಗ ನೆನಸಿ, ಮ್ಯಾಲ ತೆಳ್ಳನ್ನ ಅರವಿ ಮುಚ್ಚಿ ಬಿಸಲಿಗೆ ಹಾಕಿದ್ರ ಏಪ್ರಿಲ್‌ನಾಗ ಮೂರ ನಾಲ್ಕ ದಿನಕ್ಕ ಲಟ್ ಅಂತ ಮುರೀತಾವ. ಸಂಜಿಗೆ ಒಳಗ ತರ್ರಿ. ಮುರೀದ ಬರೇ ಬಾಗಿದ್ರ ಇನ್ನೊಂದ ದಿನ ಹಾಕ್ರಿ, ಅರ್ಧಾ ಒಣಗಿದ್ದು ಡಬ್ಬ್ಯಾಗ ಬೂಸ್ಟ್ ಹಿಡೀತದ. ಬೂಸ್ಟ್ ಹಿಡದ ಮೆತ್ತನ್ನ ಹಣ್ಣು, ಟಮಾಟಿ ಆ ಭಾಗ ಕೊಯ್ದು ಉಳದದ್ದು ತಿನ್ನೂದು ಬ್ಯಾಡ, ಪೂರಾ ಒಗೀರಿ.

ಕರೆಂಟ್ ಹ್ವಾದ್ರ ಫ್ರಿಜ್ ಬಾಗಲಾ ತಗೀಬ್ಯಾಡ್ರಿ, ಮುಚ್ಚಿದ್ರ ನಾಲ್ಕ ತಾಸು ತಂಪು ಉಳೀತದ, ಮಕ್ಕಳಿಗೆ ಹೇಳಿಡ್ರಿ, ನೀರಿನ ಬಾಟ್ಲಿ ಗಡಿಗಿ ಕಡೆ ತಿರಗಿಸ್ರಿ. ರಜಾದಾಗ ಊರಿಗೆ ಹೊಂಟ್ರ ದಾಳಿಂಬ್ರಿ, ಲಿಂಬಿ, ಇಡೀ ಕುಂಬಳಕಾಯಿ ಬಿಟ್ಟು ಹೋಗ್ರಿ, ಸೊಪ್ಪು, ಟಮಾಟಿ, ಹೆಚ್ಚಿದ ಏನಿದ್ರೂ ಹಿಂದಿನ ದಿನಾನ ಬಾಜು ಮನಿ ಅಕ್ಕಾರಿಗೆ ಕೊಟ್ಟ ಬಿಡ್ರಿ, ಖಾಲಿ ಡಬ್ಬಿ ವಾಪಸ್ ಬರೂ ಮುಂದ ಅದರಾಗ ಶೇಂಗಾ ಹಿಂಡಿ ತುಂಬಿ ಬರ್ತದ.